ನವಣೆಯ ಸಿಪ್ಪೆ ಬಿಡಿಸುವವರು ಯಾರು?

ಲೆಕ್ಕದ ಸೊಸೆ | ನವೆಂಬರ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಈ ವೇದಿಕೆಯನ್ನು ಮೂರು ವರ್ಷದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ತಪ್ಪಿದ್ದರೆ ತಿದ್ದಿ.

ಹಾವೇರಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಹನ್ನೆರಡು ಜನರ ಸ್ವಸಹಾಯ ಸಂಘ. ಅತ್ತೆ ಅಧ್ಯಕ್ಷೆ, ಲೆಕ್ಕಪುಸ್ತಕ ನನ್ನ ಕೈಯಲ್ಲಿ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದ ಸುದ್ದಿ ಓದಿದಾಗಿನಿಂದ ನಮ್ಮವರಿಗೂ ಹುರುಪು ಬಂದಿದೆ. 2018ರಲ್ಲಿ 15 ಮಹಿಳೆಯರು ಕಟ್ಟಿದ ಸಂಘವದು. ಸಿರಿಧಾನ್ಯದ ಬೀಜ ಉಳಿಸುತ್ತಾರೆ, ಸೌರ ವಿದ್ಯುತ್ತಿನ ಘಟಕದಲ್ಲಿ ಸಿಪ್ಪೆ ಬಿಡಿಸಿ ಮಾರುತ್ತಾರೆ. ಅವರಿಂದ ಆದದ್ದು ನಮ್ಮಿಂದ ಏಕಾಗದು ಎಂದು ಎಲ್ಲರೂ ಹೇಳುತ್ತಿದ್ದಾರೆ, ಅತ್ತೆಯೊಬ್ಬರನ್ನು ಬಿಟ್ಟು.

ಅತ್ತೆಯ ಮಾತು ಹೀಗಿದೆ: "ನಾವು ನವಣೆ ಬಿಟ್ಟದ್ದು ನಾಲಿಗೆಗೆ ಬೇಸರ ಬಂದು ಅಲ್ಲ, ರಟ್ಟೆಗೆ ಬೇಸರ ಬಂದು." ಅವರು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಒಂಬತ್ತು ಜನ. ಕೋಳಿ ಕೂಗುವ ಮೊದಲೇ ಎದ್ದು, ಮಣ್ಣು ಮೆತ್ತಿದ ಬೀಸುಕಲ್ಲಿನಲ್ಲಿ ನವಣೆ ಒಡೆದು, ಮೊರದಲ್ಲಿ ಕೇರಿ, ಮತ್ತೆ ಒರಳಿಗೆ ಹಾಕಿ ಕುಟ್ಟಬೇಕಿತ್ತು. ರೇಷನ್ ಅಂಗಡಿಗೆ ಅಕ್ಕಿ ಬಂದ ವರ್ಷ ಅವರೇ ಆ ಬೀಸುಕಲ್ಲನ್ನು ಹಿತ್ತಲಿಗೆ ಹಾಕಿದರಂತೆ. ಈಗ ಅದರ ಮೇಲೆ ಕೋಳಿಗಳಿಗೆ ನೀರಿನ ಬೋಗುಣಿ ಇದೆ.

ನನ್ನ ಪ್ರಶ್ನೆಗಳು. ಸಿಪ್ಪೆ ಬಿಡಿಸಲು ಯಾವ ಯಂತ್ರ ತರಬೇಕು? ಹಳೆಯ ಯೋಜನೆಯೊಂದರಲ್ಲಿ ಬಂದ ಯಂತ್ರವೊಂದು ನಮ್ಮ ಸಮುದಾಯ ಭವನದಲ್ಲಿ ತಾಡಪಾಲು ಹೊದ್ದು ನಿಂತಿದೆ, ಅದು ಏಕೆ ಓಡಲಿಲ್ಲ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ. ಎರಡನೆಯದು, ಯಂತ್ರದ ಹಣಕ್ಕಾಗಿ ಹಾಕುವ ಅರ್ಜಿಯಲ್ಲಿ "ಈ ಚಟುವಟಿಕೆಯಿಂದ ಹವಾಮಾನಕ್ಕೆ ಏನು ಉಪಯೋಗ" ಎಂಬ ಒಂದು ಪುಟವಿದೆ. ಸುಳ್ಳು ಬರೆಯಲು ಮನಸ್ಸಿಲ್ಲ. ನಿಜವಾಗಿ ಏನು ಬರೆಯಬಹುದು?

ಎರೆಹೊಲ | ನವೆಂಬರ್ 10, ಬೆಳಿಗ್ಗೆ 6.15

ತಂಗಿ, ಸ್ವಾಗತ. ಮೂರು ವರ್ಷ ಸುಮ್ಮನೆ ಓದಿ ಇಂಥ ಪ್ರಶ್ನೆ ತಂದಿದ್ದೀರಿ.

ನಾನು ನವಲಗುಂದದ ಕಡೆಯವನು. ಹತ್ತಿ, ಮೆಣಸಿನಕಾಯಿ, ಕಡಲೆ ನಮ್ಮ ಬೆಳೆ. ನವಣೆ ಎರಡು ಎಕರೆಯಲ್ಲಿ ಹಾಕಲು ಶುರು ಮಾಡಿ ಐದು ವರ್ಷವಾಯಿತು. ಮೊದಲ ವರ್ಷ ಒಂಬತ್ತು ಕ್ವಿಂಟಾಲ್ ಬಂತು. ಖುಷಿಯಿಂದ ಹುಬ್ಬಳ್ಳಿಗೆ ಒಯ್ದೆ. ದಲ್ಲಾಳಿ ಚೀಲಕ್ಕೆ ಕೈ ಹಾಕಿ, "ಹಕ್ಕಿಗೆ ಹಾಕುವವರು ಕೊಳ್ಳುತ್ತಾರೆ, ಆ ದರಕ್ಕೆ ಕೊಡಿ" ಎಂದ. ಅದೇ ವಾರ ಅದೇ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ನವಣೆ ಅಕ್ಕಿಯ ಪೊಟ್ಟಣ ನೋಡಿದೆ. ನನ್ನ ದರದ ನಾಲ್ಕು ಪಟ್ಟಿಗೂ ಮೇಲೆ. ನಡುವೆ ಇದ್ದದ್ದು ಏನು? ಸಿಪ್ಪೆ. ಸಿಪ್ಪೆ ಬಿಡಿಸಿದವನ ಕೈಗೆ ದುಡ್ಡು, ಬೆಳೆದವನ ಕೈಗೆ ಹಕ್ಕಿಯ ದರ.

ಅತ್ತೆಯವರ ಮಾತನ್ನು ಅರ್ಜಿಯ ಮೊದಲ ಸಾಲಿನಲ್ಲಿ ಬರೆಯಿರಿ. ಉಳಿದದ್ದು ಆಮೇಲೆ.

ನಾಲೆಯ ಕೊನೆ | ನವೆಂಬರ್ 10, ಬೆಳಿಗ್ಗೆ 10.05

ನಾನು ಮಂಡ್ಯ ಜಿಲ್ಲೆಯ ಭತ್ತದ ರೈತ. ನಾಲೆಯ ಕೊನೆಯ ಭಾಗದವನು ಎಂದರೆ ನೀರಿನ ಬೆಲೆ ಗೊತ್ತಿರುವವನು. ಸಿರಿಧಾನ್ಯದ ಬಗ್ಗೆ ಮಾತು ಬಂದಾಗಲೆಲ್ಲ ಭತ್ತದವರನ್ನು ಅಪರಾಧಿಗಳಂತೆ ನೋಡುವುದು ಒಂದು ರೂಢಿಯಾಗಿದೆ. ಆದ್ದರಿಂದ ಕೇಳುತ್ತಿದ್ದೇನೆ. ನನ್ನ ಎಕರೆಗೆ 22ರಿಂದ 25 ಕ್ವಿಂಟಾಲ್ ಭತ್ತ ಬರುತ್ತದೆ. ಎರೆಹೊಲ ಅವರದು ಎಕರೆಗೆ ನಾಲ್ಕೂವರೆ ಕ್ವಿಂಟಾಲ್ ನವಣೆ. ನಾಡಿನ ಹೊಟ್ಟೆ ತುಂಬಿಸುವವರು ಯಾರು? ಎಲ್ಲರೂ ನವಣೆ ಹಾಕಿದರೆ ಐದು ಪಟ್ಟು ಭೂಮಿ ಬೇಕು. ಅದಕ್ಕೆ ಕಾಡು ಕಡಿಯುತ್ತೀರಾ? ಆಗ ಹವಾಮಾನಕ್ಕೆ ಏನಾಗುತ್ತದೆ?

ಮೊರ | ನವೆಂಬರ್ 10, ಮಧ್ಯಾಹ್ನ 2.30

ನಾಲೆಯ ಕೊನೆಯ ಗೌಡರ ಪ್ರಶ್ನೆ ಸರಿಯಾದದ್ದೇ. ಕೃಷಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಹಳ್ಳಿ ಹಳ್ಳಿ ತಿರುಗಿ ನಿವೃತ್ತನಾದವನು ನಾನು. ಎರಡೂ ಕಡೆಯ ಬೈಗುಳ ತಿಂದಿದ್ದೇನೆ.

ಲೆಕ್ಕ ಹೀಗಿದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೇ ಒಂದು ಪಾಲು ಆಹಾರದ ಬಾಬ್ತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 2015ರ ಅಂಕಿ ಹಿಡಿದು 34% ಎಂದಿತು. ಕಾಡು ಕಡಿಯುವುದು, ಉಳುಮೆ, ಗೊಬ್ಬರ, ದನಕರು, ಗಿರಣಿ, ಲಾರಿ, ಫ್ರಿಜ್, ಕೊನೆಗೆ ತಿಪ್ಪೆಗೆ ಹೋದ ಅನ್ನ, ಎಲ್ಲವೂ ಅದರಲ್ಲಿ ಸೇರಿದೆ. ಬಹುಪಾಲು ಹೊಲದಲ್ಲಿ ಮತ್ತು ಹೊಲಕ್ಕಾಗಿ ತೆರವಾದ ನೆಲದಲ್ಲಿ ಹುಟ್ಟುವುದು. ಲಾರಿಯ ಪಾಲು ನಾವು ಅಂದುಕೊಳ್ಳುವುದಕ್ಕಿಂತ ಬಹಳ ಚಿಕ್ಕದು.

ಭತ್ತದ ಗದ್ದೆಯಲ್ಲಿ ಆಗುವುದು ಇಷ್ಟು. ನೀರು ನಿಂತರೆ ಮಣ್ಣಿಗೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮಣ್ಣಿನ ಕಸಕಡ್ಡಿ ಕೊಳೆಸಿ ಮೀಥೇನ್ ಮಾಡುತ್ತವೆ. ಅದು ಗುಳ್ಳೆಯಾಗಿ ಬರುವುದಕ್ಕಿಂತ ಹೆಚ್ಚಾಗಿ ಭತ್ತದ ಕಾಂಡದೊಳಗಿನ ಟೊಳ್ಳು ದಾರಿಯಿಂದಲೇ ಮೇಲಕ್ಕೆ ಹೋಗುತ್ತದೆ. ಪೈರೇ ಹೊಗೆಕೊಳವೆ ಎನ್ನಿ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ನವಣೆ, ಸಾಮೆ, ರಾಗಿ ಮಳೆಯಲ್ಲಿ ಬೆಳೆಯುವವು, ನೀರು ನಿಲ್ಲುವುದಿಲ್ಲ, ಆದ್ದರಿಂದ ಈ ಕಥೆ ಅಲ್ಲಿಲ್ಲ. ಇದಿಷ್ಟನ್ನು ತಂಗಿ ಧೈರ್ಯವಾಗಿ ಅರ್ಜಿಯಲ್ಲಿ ಬರೆಯಬಹುದು.

ಆದರೆ "ಭತ್ತದ ಬದಲು ನವಣೆ" ಎಂದು ಬರೆಯಬೇಡಿ. ನಿಮ್ಮ ಹಾವೇರಿಯ ಮಳೆಯಾಶ್ರಿತ ಹೊಲದಲ್ಲಿ ನವಣೆ ಬಂದರೆ ಅದು ಜಾಗ ಕಸಿದುಕೊಳ್ಳುವುದು ಗೋವಿನಜೋಳದ್ದೋ ಹತ್ತಿಯದ್ದೋ. ಅಲ್ಲಿ ಉಳಿತಾಯವಾಗುವುದು ಯೂರಿಯ. ಯೂರಿಯ ಹೆಚ್ಚಾದ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದು 273 ಪಟ್ಟು ಬಿಸಿ ಹಿಡಿಯುವ ಅನಿಲ. ನಿಮ್ಮೂರಿನಲ್ಲಿ ಎಕರೆ ಗೋವಿನಜೋಳಕ್ಕೆ ಎಷ್ಟು ಚೀಲ ಎರಚುತ್ತಾರೆ ಎಂದು ನಾಲ್ಕು ಮನೆಯಲ್ಲಿ ಕೇಳಿ ಬರೆದುಕೊಳ್ಳಿ. ಚೀಲ ಈಗ 45 ಕಿಲೊ, 50 ಎಂದು ಲೆಕ್ಕ ಹಾಕಬೇಡಿ. ಅದು ನಿಮ್ಮದೇ ಅಂಕಿ ಆಗುತ್ತದೆ.

ಗೌಡರಿಗೆ ಇನ್ನೊಂದು ಮಾತು. ಭತ್ತ ಬಿಡಬೇಕಿಲ್ಲ. ನೀರು ಕಟ್ಟುವುದು, ಬಿಡುವುದು, ಮತ್ತೆ ಕಟ್ಟುವುದು, ಇದನ್ನು ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪಾಠದಂತೆ ಮಾಡಿ ಹಂಚಿದ್ದಾರೆ. ತೂತು ಕೊರೆದ ಪಿವಿಸಿ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳಿ ಒಳಗೆ ಇಣುಕುವುದು. ನೀರು ಮಣ್ಣಿನ ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವ ತನಕ ತಡೆದು ಆಮೇಲೆ ಮತ್ತೆ ಕಟ್ಟುವುದು. ಹೂ ಬರುವ ಹೊತ್ತಿಗೆ ಮಾತ್ರ ಒಣಗಲು ಬಿಡಬಾರದು. ಮೀಥೇನ್ ಮೂರನೇ ಒಂದರಿಂದ ಅರ್ಧದಷ್ಟು ಇಳಿಯುತ್ತದೆ, ಇಳುವರಿ ಹೆಚ್ಚೇನೂ ಕುಸಿಯುವುದಿಲ್ಲ.

ನಾಲೆಯ ಕೊನೆ | ನವೆಂಬರ್ 10, ಸಂಜೆ 7.20

ಸರ್, ಕೊಳವೆ ಇಣುಕುವುದೆಲ್ಲ ಪಂಪ್‌ಸೆಟ್ ಇರುವವನಿಗೆ. ನಮಗೆ ಕಟ್ಟು ಪದ್ಧತಿಯಲ್ಲಿ ನೀರು. ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಬಂದ ದಿನ ಬದು ತುಂಬ ಕಟ್ಟಿಕೊಳ್ಳದಿದ್ದರೆ ಮುಂದಿನ ಸರದಿ ಬರುತ್ತದೆಂಬ ಭರವಸೆ ಏನು? 2023ರ ಬರದಲ್ಲಿ ನೋಡಿದ್ದೇವೆ. ನನ್ನ ಗದ್ದೆಯಲ್ಲಿ ನೀರು ಇಳಿದು ನೆಲ ಕಾಣಿಸಿದರೆ ಅದು ವಿಜ್ಞಾನ ಅಲ್ಲ, ಎದೆಬಡಿತ. ಜೊತೆಗೆ ನೆಲ ಕಂಡ ಕೂಡಲೇ ಕಳೆ. ಕಳೆ ಕೀಳುವ ಹೆಣ್ಣಾಳಿಗೆ ದಿನಕ್ಕೆ ಎಷ್ಟು ಕೊಡಬೇಕೆಂದು ನಿಮಗೆ ಹೇಳಬೇಕಿಲ್ಲ.

ಇನ್ನೊಂದು. ಹೋದ ವರ್ಷ ಒಂದು ಕಂಪನಿಯ ಹುಡುಗರು ಬಂದಿದ್ದರು. ಕಾರ್ಬನ್ ಕ್ರೆಡಿಟ್, ಅಂದರೆ ಗದ್ದೆಯ ಮೀಥೇನ್ ಇಳಿಸಿದ್ದಕ್ಕೆ ಹಣ, ಎಂದರು. ಮೊಬೈಲಿನಲ್ಲಿ ಗದ್ದೆಯ ಫೋಟೊ, ಪಹಣಿ ನಕಲು, ಸಹಿ. ಎಕರೆಗೆ ಹಣ ಬರುತ್ತದೆ ಎಂದರು. ಆಮೇಲೆ ಅವರ ಫೋನ್ ಸ್ವಿಚ್ ಆಫ್.

ಮೊರ | ನವೆಂಬರ್ 10, ರಾತ್ರಿ 8.00

ಕಟ್ಟು ಪದ್ಧತಿಯ ಮಾತು ಒಪ್ಪಿದೆ. ನೀರು ಬಿಡುವವರು ದಿನಾಂಕ ತಪ್ಪಿಸದೆ ಬಿಟ್ಟರೆ ನಿಮ್ಮ ಕಟ್ಟೇ ಅರ್ಧ ಕೆಲಸ ಮಾಡಿಬಿಡುತ್ತದೆ. ಅದು ರೈತನ ಕೈಯಲ್ಲಿಲ್ಲ, ನಿಜ. ತುಂಗಭದ್ರಾ ಕಡೆ ಕೆಲವರು ಸಸಿ ಮಡಿ ಬಿಟ್ಟು ನೇರ ಬಿತ್ತನೆಗೆ ಇಳಿದಿದ್ದಾರೆ, ಅದಕ್ಕೆ ಅಷ್ಟು ದಿನ ನೀರು ನಿಲ್ಲಿಸಬೇಕಿಲ್ಲ. ಧಾರವಾಡ, ಹಾವೇರಿ ಕಡೆಯ ಕೂರಿಗೆ ಭತ್ತ ಅಜ್ಜನ ಕಾಲದ್ದೇ.

ಕ್ರೆಡಿಟ್ ವಿಷಯದಲ್ಲಿ ಎಚ್ಚರ. ಇಂಥ ಯೋಜನೆಗಳನ್ನು ನೋಂದಾಯಿಸುವ ವೆರಾ ಎಂಬ ಸಂಸ್ಥೆ 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ಒಂದೇ ಏಟಿಗೆ ತಿರಸ್ಕರಿಸಿತು. ಒಣಗಿಸಿದೆವು ಎಂದು ಕಾಗದ ಹೇಳುವುದು ಬೇರೆ, ಗದ್ದೆ ಒಣಗುವುದು ಬೇರೆ. ಸಹಿ ಹಾಕುವ ಮೊದಲು ಕರಾರು ಪತ್ರದ ಕನ್ನಡ ಪ್ರತಿ ಕೇಳಿ. ಕೊಡದಿದ್ದರೆ ಚಹಾ ಕೊಟ್ಟು ಕಳಿಸಿ.

ಸೀಮೆಹಸು | ನವೆಂಬರ್ 10, ರಾತ್ರಿ 9.12

ಕೋಲಾರದಿಂದ. ಮುಂದಿನ ಸರದಿ ನಮ್ಮದೇ ಎಂದು ಗೊತ್ತು, ಹಾಲಿನವರನ್ನು ಬೈಯುವುದು. ಆದ್ದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ. ಹಸುವಿನ ಮೀಥೇನ್ ಹಿಂದಿನಿಂದಲ್ಲ, ಮುಂದಿನಿಂದ, ತೇಗಿನಲ್ಲಿ ಬರುವುದು. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಶಾಸ್ತ್ರ ಸಂಸ್ಥೆ ಇದೆ. ಅಲ್ಲಿಯವರು ಟ್ಯಾನಿನ್ ಹೆಚ್ಚಿರುವ ಗಿಡಗಳಿಂದ 'ಹರಿತ್ ಧಾರಾ' ಎಂಬ ಪುಡಿ ಮಾಡಿದ್ದಾರೆ, ಮೇವಿನೊಂದಿಗೆ ಕೊಟ್ಟರೆ ಮೀಥೇನ್ 17ರಿಂದ 20% ಇಳಿಯುತ್ತದೆ. ಆದರೆ ಪುಡಿಯ ಖರ್ಚು ನನ್ನದು, ತಂಪು ಊರಿನದು. ಲೀಟರಿಗೆ ಒಂದು ರೂಪಾಯಿ ಹೆಚ್ಚು ಕೊಡುತ್ತೇವೆ ಎಂದರೆ ನಾಳೆ ಬೆಳಿಗ್ಗೆಯೇ ಹಾಕುತ್ತೇನೆ.

ಉತ್ತರ ಸಮುದ್ರ | ನವೆಂಬರ್ 10, ರಾತ್ರಿ 11.48

ಡೆನ್ಮಾರ್ಕಿನಲ್ಲಿ ಕೆಲಸ, ಮೂಲ ಶಿರಸಿ. ಇಲ್ಲಿ ತೇಗಿಗೆ ತೆರಿಗೆ ಹಾಕಲು ಹೊರಟಿದ್ದಾರೆ, ತಮಾಷೆಯಲ್ಲ. ದನ, ಹಂದಿ ಸಾಕುವವರು ಇಂಗಾಲದ ಡೈಆಕ್ಸೈಡಿಗೆ ಸಮನಾದ ಪ್ರತಿ ಟನ್ ಅನಿಲಕ್ಕೆ 2030ರಿಂದ 300 ಕ್ರೋನರ್ (ಇಲ್ಲಿಯ ಹಣ), 2035ರಲ್ಲಿ 750 ಕಟ್ಟಬೇಕು ಎಂದು 2024ರಲ್ಲಿ ಒಪ್ಪಂದವಾಯಿತು. ಅದರಲ್ಲಿ 60% ವಿನಾಯಿತಿ ಇದೆ. ಸರ್ಕಾರ, ರೈತ ಸಂಘ, ಪರಿಸರದವರು ಒಂದೇ ಮೇಜಿಗೆ ಕುಳಿತು ಮಾಡಿಕೊಂಡದ್ದು. ಇಲ್ಲಿ ಒಂದು ದೊಡ್ಡಿಯಲ್ಲಿ ನೂರಾರು ದನ, ರೈತನ ಹೆಸರಿನಲ್ಲಿ ಕಂಪನಿ. ಎರಡು ಹಸುವಿನ ಕೋಲಾರದ ಮನೆಗೆ ಇದನ್ನು ಹೋಲಿಸಲು ಆಗದು.

ನಿರ್ವಾಹಕ | ನವೆಂಬರ್ 11, ಬೆಳಿಗ್ಗೆ 8.00

ಹಾಲು, ತೆರಿಗೆ ಬೇರೆ ಎಳೆಯಲ್ಲಿ ಮುಂದುವರಿಸಿ. ಇಲ್ಲಿ ಲೆಕ್ಕದ ಸೊಸೆಯವರ ಯಂತ್ರದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹುಮನಾಬಾದ್ ನಾಕಾ | ನವೆಂಬರ್ 11, ಬೆಳಿಗ್ಗೆ 11.35

ಯಂತ್ರಕ್ಕೆ ಬರುವ ಮೊದಲು ಒಂದು ಹಳೆಯ ನೆನಪು ಹೇಳಲೇಬೇಕು.

ನಮ್ಮ ಬೀದರ್ ಜಿಲ್ಲೆಯ ಗಡಿ ದಾಟಿದರೆ ಜಹೀರಾಬಾದ್, ಅದರ ಪಕ್ಕ ಪಸ್ತಾಪುರ. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ. ವಿ. ಸತೀಶ್, ಮೈಸೂರಿನವರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು ಅದನ್ನು ಬಿಟ್ಟು ದಲಿತ ಹೆಣ್ಣುಮಕ್ಕಳ ಸಂಘಗಳ ಜೊತೆ ನಿಂತರು. ಆ ಸಂಘದವರು ಬೀಳು ಬಿದ್ದ ಹೊಲಗಳಿಗೆ ಸಾಲ ಕೊಟ್ಟು ಜೋಳ ಬಿತ್ತಿಸಿದರು, ಸಾಲವನ್ನು ಜೋಳದಲ್ಲೇ ತೀರಿಸಿಕೊಂಡರು, ಆ ಜೋಳವನ್ನು ಊರಿನ ಬಡವರಿಗೆ ಕಡಿಮೆ ಬೆಲೆಗೆ ಹಂಚಿದರು. ಅಕ್ಕಿಯ ರೇಷನ್ನಿಗೆ ಎದುರಾಗಿ ತಮ್ಮದೇ ಜೋಳದ ರೇಷನ್. 2008ರಲ್ಲಿ ತಮ್ಮದೇ ಸಮುದಾಯ ರೇಡಿಯೊ ಶುರು ಮಾಡಿದರು. 2019ರಲ್ಲಿ ಅವರಿಗೂ ಇದೇ ಈಕ್ವೇಟರ್ ಪ್ರಶಸ್ತಿ ಬಂತು.

ಸಂಕ್ರಾಂತಿಗೆ ಅಲ್ಲಿ ಬೀಜದ ಜಾತ್ರೆ. ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ಮಡಕೆ ತುಂಬ ಹಳೆಯ ತಳಿಗಳ ಬೀಜ, ಊರಿಂದ ಊರಿಗೆ ಸುಮಾರು ಒಂದು ತಿಂಗಳು. ನಾನು ಒಮ್ಮೆ ಬಸ್ ಇಳಿದು ನೋಡಲು ನಿಂತಿದ್ದೆ. ಒಬ್ಬ ಅಜ್ಜಿ ನನ್ನ ಅಂಗೈಗೆ ನಾಲ್ಕು ಬಗೆಯ ಜೋಳ ಹಾಕಿ, "ಯಾವುದು ಯಾವ ರೊಟ್ಟಿಗೆ, ಹೇಳು" ಎಂದು ತೆಲುಗಿನಲ್ಲಿ ಕೇಳಿದಳು. ನಾನು ಬಿ.ಎಸ್‌ಸಿ. ಕೃಷಿ ಓದಿದವನು. ಒಂದನ್ನೂ ಹೇಳಲಾಗಲಿಲ್ಲ. ಅಜ್ಜಿ ನಗಲಿಲ್ಲ, ಅದೇ ಹೆಚ್ಚು ನೋವಾಯಿತು.

ಸತೀಶ್ ತೀರಿಕೊಂಡದ್ದು 2023ರ ಮಾರ್ಚ್ 19ರಂದು. ದೆಹಲಿಯಲ್ಲಿ ಸಿರಿಧಾನ್ಯದ ಜಾಗತಿಕ ಸಮ್ಮೇಳನ ಉದ್ಘಾಟನೆಯಾದ ಮರುದಿನ.

ಈಗ ನನ್ನ ಮಾತಿನ ತಿರುಳು. ಅಲ್ಲಿ ಮುಂದೆ ನಿಂತದ್ದು ಜೋಳ. ಜೋಳಕ್ಕೆ ಸಿಪ್ಪೆಯ ಕಾಟ ಇಲ್ಲ, ಗಿರಣಿಗೆ ಹಾಕಿದರೆ ಹಿಟ್ಟು. ರಾಗಿ, ಸಜ್ಜೆಯೂ ಹಾಗೆಯೇ. ನವಣೆ, ಸಾಮೆ, ಊದಲು, ಹಾರಕ, ಬರಗು, ಕೊರಲೆ, ಈ ಆರಕ್ಕೆ ಮಾತ್ರ ಕವಚ. "ಸಿರಿಧಾನ್ಯ" ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಯೋಜನೆ ಮಾಡಿದವರಿಗೆ ಇದು ಹೊಳೆಯಲಿಲ್ಲ. ನಮ್ಮ ರಾಜ್ಯದ 'ರೈತ ಸಿರಿ' ಯೋಜನೆ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿತು, ಒಳ್ಳೆಯದೇ. ಬೆಳೆದದ್ದು ಕವಚದೊಳಗೇ ಕುಳಿತಿತ್ತು.

ಎರೆಹೊಲ | ನವೆಂಬರ್ 11, ಮಧ್ಯಾಹ್ನ 1.10

ಕೈ ಮುಗಿದೆ. ಬೆಂಬಲ ಬೆಲೆಯಲ್ಲಿಯೂ ಅದೇ ಕಥೆ. ಕೇಂದ್ರದ ಪಟ್ಟಿಯಲ್ಲಿ 2025-26ಕ್ಕೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಎಂದು ಎದ್ದು ಕಾಣುತ್ತದೆ. ನವಣೆಗೆ ತನ್ನದೇ ಸಾಲು ಇಲ್ಲ.

ಯಂತ್ರದ ಬಗ್ಗೆ: ನಾನು ತಿಂಗಳಿಗೊಮ್ಮೆ ಒಂದು ಸಂಘದ ಗಿರಣಿಗೆ ಹೋಗುತ್ತೇನೆ, ನೋಡಿ ಕಲಿತದ್ದು ಇದು. ಸಿಪ್ಪೆ ತೆಗೆಯುವ ಯಂತ್ರ ಒಂದೇ ಸಾಲದು. ಅದರ ಮುಂದೆ ಕಲ್ಲು ತೆಗೆಯುವ ಯಂತ್ರ ಮತ್ತು ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜರಡಿ ಬೇಕು. ಹಿಂದೆ ಹೊಟ್ಟು ಹಾರಿಸುವ ಗಾಳಿ ಯಂತ್ರ ಬೇಕು. ಸಣ್ಣ, ದೊಡ್ಡ ಕಾಳು ಒಟ್ಟಿಗೆ ಹೋದರೆ ದೊಡ್ಡದು ನುಚ್ಚಾಗುತ್ತದೆ, ಸಣ್ಣದು ಕವಚದೊಂದಿಗೆ ಹಾಗೆಯೇ ಹೊರಬರುತ್ತದೆ. ಆಮೇಲೆ ಮೊರ ಹಿಡಿದು ಕೂರುವವರು ಮತ್ತದೇ ಹೆಣ್ಣುಮಕ್ಕಳು. ನಿಮ್ಮ ಭವನದಲ್ಲಿ ತಾಡಪಾಲು ಹೊದ್ದಿರುವುದು ಮಧ್ಯದ ಯಂತ್ರ ಒಂದೇ ಇರಬೇಕು. ಹೌದೋ ಅಲ್ಲವೋ ನೋಡಿ ತಿಳಿಸಿ. ಮೋಟಾರು ಸಿಂಗಲ್ ಫೇಸೋ ಥ್ರೀ ಫೇಸೋ ಅದನ್ನೂ ನೋಡಿ.

ಲೆಕ್ಕದ ಸೊಸೆ | ನವೆಂಬರ್ 11, ರಾತ್ರಿ 9.55

ಅಣ್ಣ, ನೀವು ನಮ್ಮೂರಿಗೆ ಬಂದು ನೋಡಿದಂತೆ ಹೇಳಿದ್ದೀರಿ. ಇಂದು ಕೀಲಿ ಈಸಿಕೊಂಡು ತಾಡಪಾಲು ಎತ್ತಿದೆವು. ಯಂತ್ರ ಒಂದೇ ಇದೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಮೋಟಾರು ಥ್ರೀ ಫೇಸ್. ನಮ್ಮಲ್ಲಿ ಥ್ರೀ ಫೇಸ್ ಕರೆಂಟು ಹೊಲದ ಪಂಪ್‌ಸೆಟ್ಟಿಗೆ ಬರುವ ಹೊತ್ತಿಗೆ, ಕೆಲವು ವಾರ ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ಸಮುದಾಯ ಭವನಕ್ಕೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಉದ್ಘಾಟನೆಯ ದಿನ ಕಟ್ಟಿದ ಹೂವಿನ ಹಾರದ ದಾರ ಇನ್ನೂ ಹಾಗೆಯೇ ಇದೆ. ಒಳಗಡೆ ಇಲಿ ಮರಿ ಹಾಕಿತ್ತು.

ಅತ್ತೆ ನೋಡಿ ಏನೂ ಅನ್ನಲಿಲ್ಲ. ಯಂತ್ರದ ಬಾಯಿಗೆ ಕೈ ಹಾಕಿ ಒಳಗಿನ ಚಕ್ರ ಸವರಿ, "ಇದಕ್ಕೆ ಮಣ್ಣು ಮೆತ್ತಿಲ್ಲವಲ್ಲ" ಎಂದರು.

ಮೊರ | ನವೆಂಬರ್ 12, ಬೆಳಿಗ್ಗೆ 7.05

ಅತ್ತೆಯವರಿಗೆ ನನ್ನ ನಮಸ್ಕಾರ. ಮಣ್ಣು ಮೆತ್ತುತ್ತಿದ್ದದ್ದು ಏಕೆಂದರೆ ಕಲ್ಲು ನೇರ ತಾಗಿದರೆ ಕಾಳು ಪುಡಿಯಾಗುತ್ತದೆ, ಮೆತ್ತನೆಯ ಮೈ ಉಜ್ಜಿದರೆ ಕವಚ ಮಾತ್ರ ಸುಲಿಯುತ್ತದೆ. ಇಂದಿನ ಯಂತ್ರಗಳು ಬೇರೆ ದಾರಿ ಹಿಡಿದಿವೆ. ಕಾಳನ್ನು ಜೋರಾಗಿ ತಿರುಗಿಸಿ ಗೋಡೆಗೆ ಅಪ್ಪಳಿಸುತ್ತವೆ, ಕವಚ ಬಿರಿಯುತ್ತದೆ. ವೇಗ ಹೆಚ್ಚಾದರೆ ನುಚ್ಚು, ಕಡಿಮೆಯಾದರೆ ಕವಚ ಉಳಿಯುತ್ತದೆ. ಆ ಹದ ಹಿಡಿಯುವುದು ಈಗಲೂ ಕೈಯ ಕೆಲಸವೇ.

ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಎಂ. ಎಸ್. ಸ್ವಾಮಿನಾಥನ್ ಪ್ರತಿಷ್ಠಾನದವರು ಸಾಮೆ ಉಳಿಸಲು ಹೋದಾಗ ಎದುರಾದದ್ದು ಇದೇ, ಕುಟ್ಟುವ ಶ್ರಮ. ಸಣ್ಣ ಗಿರಣಿಗಳನ್ನು ಅಲ್ಲಿಯ ಸಂಘಗಳ ಕೈಗೆ ಕೊಟ್ಟ ಮೇಲೆ ಕೆಲಸ ಮುಂದೆ ಸಾಗಿತು. ಬೀಜ, ಗೊಬ್ಬರ, ಭಾಷಣ ಎಲ್ಲ ಕೊಟ್ಟು ಗಿರಣಿ ಕೊಡದಿದ್ದರೆ ಏನಾಗುತ್ತದೆಂದು ನಾನೇ ಸೇವೆಯಲ್ಲಿದ್ದಾಗ ನಾಲ್ಕು ತಾಲ್ಲೂಕಿನಲ್ಲಿ ಮಾಡಿ ತೋರಿಸಿದ್ದೇನೆ. ಬಿತ್ತನೆ ಬೀಜದ ಪೊಟ್ಟಣ ಹಂಚಿ ಗುರಿ ಮುಟ್ಟಿತು ಎಂದು ಬರೆದುಕೊಂಡವರಲ್ಲಿ ನಾನೂ ಒಬ್ಬ.

ಹಣದ ದಾರಿ: ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆ, ಪಿಎಂಎಫ್‌ಎಂಇ, 2020ರಲ್ಲಿ ಶುರುವಾದದ್ದು. ಕೇಂದ್ರದ್ದು 35% ಸಹಾಯಧನ, ನಮ್ಮ ರಾಜ್ಯ 15% ಸೇರಿಸಿ ಒಟ್ಟು 50%, ಗರಿಷ್ಠ 15 ಲಕ್ಷ. ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿ ತನಕ ಬೀಜಧನವೂ (ಆರಂಭದ ಬಂಡವಾಳ) ಇದೆ. ರಾಜ್ಯದಲ್ಲಿ ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ. ಯೋಜನೆಯ ಅವಧಿ 2025-26ರ ತನಕ ಎಂದಿತ್ತು, ಅರ್ಜಿ ಹಾಕುವ ಮೊದಲು ಜಿಲ್ಲಾ ಕೃಷಿ ಕಚೇರಿಯಲ್ಲಿ ಕೇಳಿ. ಇದು ಸಾಲದ ಜೊತೆಗೆ ಬರುವ ಸಹಾಯಧನ, ಬ್ಯಾಂಕ್ ವ್ಯವಸ್ಥಾಪಕರ ಮನಸ್ಸು ಮೊದಲು ಕರಗಬೇಕು.

ಮಲ್ಲೇಶ್ವರದ ಅಡುಗೆಮನೆ | ನವೆಂಬರ್ 12, ಮಧ್ಯಾಹ್ನ 12.20

ನಾನು ತಿನ್ನುವ ಕಡೆಯಿಂದ ಮಾತಾಡಲೇ? ಸಿರಿಧಾನ್ಯದ ವರ್ಷ ಎಂದು 2023ರಲ್ಲಿ ಎಲ್ಲರಂತೆ ನಾನೂ ಐದು ಪೊಟ್ಟಣ ತಂದೆ. ಎರಡು ತಿಂಗಳಿಗೆ ಸಾಮೆ ಕಮಟು ವಾಸನೆ ಬಂತು. ನವಣೆಯಲ್ಲಿ ಹಲ್ಲಿಗೆ ಕಲ್ಲು ಸಿಕ್ಕಿತು. ಯಜಮಾನರು ಸದ್ದಿಲ್ಲದೆ ಸೋನಾ ಮಸೂರಿಗೆ ಮರಳಿದರು. ಅಂಗಡಿಯವನನ್ನು ಕೇಳಿದರೆ ಬೆಳ್ಳಗೆ ಹೊಳೆಯುವ ಪೊಟ್ಟಣ ಕೊಟ್ಟು, "ಇದು ಕೆಡುವುದಿಲ್ಲ ಮೇಡಂ" ಎಂದ. ಅದು ಕೆಡಲಿಲ್ಲ, ನಿಜ. ರುಚಿಯೂ ಇರಲಿಲ್ಲ.

ಎರೆಹೊಲ | ನವೆಂಬರ್ 12, ಮಧ್ಯಾಹ್ನ 3.45

ಅಕ್ಕ, ಕೆಡದಿದ್ದದ್ದು ತೌಡು ತೆಗೆದದ್ದಕ್ಕೆ. ಸಿಪ್ಪೆ ಬೇರೆ, ತೌಡು ಬೇರೆ. ಸಿಪ್ಪೆ ಹೋಗಲೇಬೇಕು, ಅದನ್ನು ತಿನ್ನಲಾಗದು. ತೌಡಿನಲ್ಲಿ ಎಣ್ಣೆಯಂಶ ಇದೆ, ಸತ್ವವೂ ಅಲ್ಲಿಯೇ, ಕಮಟು ಬರುವುದೂ ಅಲ್ಲಿಂದಲೇ. ಪಾಲಿಶ್ ಮಾಡಿದರೆ ಎರಡೂ ಹೋಗುತ್ತವೆ. ತೌಡು ಉಳಿದ ನವಣೆ ಮಂಕಾಗಿ, ತುಸು ಹಳದಿಯಾಗಿ ಕಾಣುತ್ತದೆ.

ಆದರೆ ಸಿಪ್ಪೆಯೊಂದಿಗೆ ಇಟ್ಟ ನವಣೆ ನನ್ನ ಮನೆಯಲ್ಲಿ ನಾಲ್ಕು ವರ್ಷ ಕೆಟ್ಟಿಲ್ಲ, ಹುಳ ಕೂಡ ಮೂಸುವುದಿಲ್ಲ. ಆದ್ದರಿಂದ ಗಿರಣಿ ಊರಿನಲ್ಲೇ ಇರಬೇಕು, ಆಗಾಗ ಬೇಕಾದಷ್ಟೇ ಬಿಡಿಸಬೇಕು ಎನ್ನುವುದು. ದೂರದ ದೊಡ್ಡ ಗಿರಣಿಗೆ ಲಾರಿಗಟ್ಟಲೆ ಹೋಗಿ, ಒಮ್ಮೆಗೇ ಬಿಡಿಸಿ, ಆರು ತಿಂಗಳು ಕಪಾಟಿನಲ್ಲಿ ಇಡಬೇಕಾದರೆ ಪಾಲಿಶ್ ಮಾಡದೆ ಅವರಿಗೆ ಬೇರೆ ದಾರಿ ಇಲ್ಲ. ನಿಮಗೆ ಬೇಕಿದ್ದರೆ ಅದೇ ವಾರ ಬಿಡಿಸಿದ್ದನ್ನು ಐದು ಕಿಲೊ ಕಳಿಸುತ್ತೇನೆ, ಎರಡು ತಿಂಗಳಲ್ಲಿ ಮುಗಿಸಿ. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂಕಾಲು ನೀರು. ಕುಕ್ಕರ್ ಬೇಡ, ಪಾತ್ರೆಯಲ್ಲಿ ಮಾಡಿ.

ನಾಲೆಯ ಕೊನೆ | ನವೆಂಬರ್ 12, ಸಂಜೆ 6.30

ಇಷ್ಟೆಲ್ಲ ಓದಿದ ಮೇಲೆ ನನ್ನ ಮೊದಲ ಪ್ರಶ್ನೆಯ ಚೂಪು ಸ್ವಲ್ಪ ಕಡಿಮೆಯಾಗಿದೆ, ಹೋಗಿಲ್ಲ. ನನ್ನ ತಾಯಿ ನಾಲೆ ಬರುವ ಮೊದಲಿನ ಹೊಲದ ಕಥೆ ಹೇಳುತ್ತಿದ್ದರು. ರಾಗಿಯ ನಡುವೆ ಅಕ್ಕಡಿ ಸಾಲು, ಅವರೆ, ತೊಗರಿ, ಹುಚ್ಚೆಳ್ಳು. ಆ ಲೆಕ್ಕದಲ್ಲಿ ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಒಂದೇ ಕಾಳನ್ನು ತೂಗುವುದು ಸರಿಯಲ್ಲವೇನೋ. ನಮ್ಮ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಸಾವಿರಕ್ಕೂ ಹೆಚ್ಚು ಭತ್ತದ ತಳಿ ಕಾಪಾಡಿದ್ದಾರೆ, ಅವರಲ್ಲಿ ನೀರು ಕಡಿಮೆ ಬೇಡುವ ಭತ್ತವೂ ಇದೆ. ಈ ಬೇಸಿಗೆಗೆ ಹೋಗಿ ಬರಬೇಕೆಂದಿದ್ದೇನೆ. ಕಾಲೆಕರೆಯಲ್ಲಿ ಮಾತ್ರ. ಉಳಿದದ್ದು ಸಾಲ ಕಟ್ಟಬೇಕು.

ಲೆಕ್ಕದ ಸೊಸೆ | ನವೆಂಬರ್ 23, ರಾತ್ರಿ 10.10

ತಡವಾಯಿತು, ಕ್ಷಮಿಸಿ. ಎಲ್ಲರೂ ಹೇಳಿದ ಮೇಲೆ ಒಮ್ಮೆ ಕಣ್ಣಾರೆ ನೋಡೋಣ ಎಂದು 50 ಕಿಲೊ ನವಣೆ ಕಟ್ಟಿಕೊಂಡು ನಾಲ್ವರು, ಜೊತೆಗೆ ಅತ್ತೆ, ಬಸ್ಸಿನಲ್ಲಿ ಇನ್ನೊಂದು ತಾಲ್ಲೂಕಿನ ಸಂಘದ ಗಿರಣಿಗೆ ಹೋಗಿದ್ದೆವು. ಚೀಲಕ್ಕೂ ಟಿಕೆಟ್ ತೆಗೆಸಿದರು.

ಅಲ್ಲಿಯ ಹೆಣ್ಣುಮಗಳು ಚೀಲ ಬಿಚ್ಚಿ ಒಂದು ಕಾಳು ಹಲ್ಲಿಗೆ ಕಚ್ಚಿ, "ಇದು ಹಸಿ ಇದೆ, ಇವತ್ತು ಆಗುವುದಿಲ್ಲ" ಎಂದಳು. ಅವರ ಅಂಗಳದಲ್ಲೇ ಹರವಿ, ಅಲ್ಲಿಯೇ ಉಳಿದೆವು. ಎರಡು ದಿನ ಬಿಸಿಲು ಕುಡಿಸಿದ ಮೇಲೆ ಕಚ್ಚಿದರೆ ಟಕ್ ಎಂದಿತು. ಆಗ ಜರಡಿಗೆ, ಆಮೇಲೆ ಯಂತ್ರಕ್ಕೆ.

ಮೊದಲ ಸುತ್ತು ಬಂದಾಗ ಅತ್ತೆ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರವಿ ಹೆಬ್ಬೆರಳಿನಿಂದ ಒತ್ತುತ್ತಾ ಕವಚ ಉಳಿದ ಕಾಳು ಎಣಿಸಿದರು. ಹದಿನೇಳು. "ಇನ್ನೊಮ್ಮೆ ಹಾಕು" ಎಂದರು. ಆ ಹುಡುಗಿ ವೇಗದ ಹದ ನೋಡಿ ಮತ್ತೆ ಹಾಕಿದಳು. ಈ ಸಲ ಮೂರು. ಅತ್ತೆ ಇನ್ನೂ ಒಂದು ಹಿಡಿ ತೆಗೆದು ಎಣಿಸಿದರು, ನಂಬಿಕೆಯಿಲ್ಲದೆ. ಎರಡು.

ಲೆಕ್ಕ: 50 ಕಿಲೊಗೆ 31 ಕಿಲೊ ಅಕ್ಕಿ, ಮೂರೂವರೆ ಕಿಲೊ ನುಚ್ಚು, ಉಳಿದದ್ದು ಹೊಟ್ಟು, ತೌಡು. ಯಂತ್ರ ಓಡಿದ್ದು 40 ನಿಮಿಷ. ಮನೆಗೆ ಬರುವ ದಾರಿಯಲ್ಲಿ ಅತ್ತೆ, "ಐವತ್ತು ಕಿಲೊ ಎಂದರೆ ನನ್ನ ಒಂದು ತಿಂಗಳ ಬೆಳಗು" ಎಂದರು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಅರ್ಜಿಯ ಹವಾಮಾನದ ಪುಟದಲ್ಲಿ ಮೊರ ಸರ್ ಹೇಳಿದಂತೆ ನಾಲ್ಕು ಮನೆಯ ಯೂರಿಯದ ಲೆಕ್ಕ ಬರೆದೆ. ಹದಿಮೂರು ಎಕರೆ ಗೋವಿನಜೋಳಕ್ಕೆ ಹೋದ ವರ್ಷ ಎರಚಿದ್ದು 34 ಚೀಲ. ಭತ್ತದ ಹೆಸರೆತ್ತಿಲ್ಲ. ಹಳೆಯ ಯಂತ್ರಕ್ಕೆ ಸಿಂಗಲ್ ಫೇಸ್ ಮೋಟಾರು ಹಾಕಿ, ಜರಡಿ ಮತ್ತು ಗಾಳಿ ಯಂತ್ರ ಮಾತ್ರ ಹೊಸದಾಗಿ ಕೇಳಿದ್ದೇವೆ. ಬೇಡಿಕೆ ಮೂರು ಲಕ್ಷದೊಳಗೆ ಇಳಿಯಿತು. ವ್ಯವಸ್ಥಾಪಕರು "ನೋಡೋಣ" ಎಂದಿದ್ದಾರೆ. ಗಿರಣಿ ಓಡಿಸಲು ಯಾರು ಕಲಿಯಬೇಕು ಎಂದು ಸಭೆಯಲ್ಲಿ ಕೇಳಿದಾಗ ಅತ್ತೆ ತಮ್ಮ ಹೆಸರು ಬರೆಸಿದರು. ವಯಸ್ಸು 64.

ಮಲ್ಲೇಶ್ವರದ ಅಡುಗೆಮನೆ | ನವೆಂಬರ್ 24, ಬೆಳಿಗ್ಗೆ 9.00

ಎರೆಹೊಲ ಅವರ ಐದು ಕಿಲೊ ಬಂತು. ಯಜಮಾನರು ಎರಡನೇ ಸಲ ಬಡಿಸಿಕೊಂಡರು, ಏನೂ ಹೇಳಲಿಲ್ಲ. ಸೊಸೆಯವರೇ, ನಿಮ್ಮ ಮೂರೂವರೆ ಕಿಲೊ ನುಚ್ಚು ಉಳಿದಿದ್ದರೆ ಉಪ್ಪಿಟ್ಟಿಗೆ ನನಗೆ ಬೇಕು.

ಲೆಕ್ಕದ ಸೊಸೆ | ನವೆಂಬರ್ 24, ಸಂಜೆ 5.25

ನುಚ್ಚು ಅತ್ತೆಯ ಕೈಗೆ ಸಿಕ್ಕಿದ ದಿನವೇ ಮುಗಿಯಿತು ಅಕ್ಕ, ಕೇರಿಯವರನ್ನೆಲ್ಲ ಕರೆದು ನುಚ್ಚಿನ ಅನ್ನ, ಮಜ್ಜಿಗೆ. ಮುಂದಿನ ಸಲ ಎತ್ತಿಡುತ್ತೇನೆ.

ಕೊರಲೆಗದ್ದುಗೆ | ನವೆಂಬರ್ 24, ರಾತ್ರಿ 8.50

ಶಿರಾ ಕಡೆಯವನು, ಎಲ್ಲವನ್ನೂ ಈಗ ಓದಿ ಮುಗಿಸಿದೆ. ನಮ್ಮ ಕೊರಲೆಯ ಕಾಳು ನವಣೆಗಿಂತ ಹಟಮಾರಿ, ನಾಲ್ಕು ಸುತ್ತು ಹಾಕಿದರೂ ಕವಚ ಬಿಡುವುದಿಲ್ಲ. ನೀವು ಹೋಗಿದ್ದ ಗಿರಣಿಯಲ್ಲಿ ಯಾವ ಅಳತೆಯ ಜರಡಿ ಹಾಕಿದ್ದರು, ಕೇಳಿ ಹೇಳುವಿರಾ? ಅತ್ತೆಯವರಿಗೆ ಗೊತ್ತಿದ್ದರೂ ಆದೀತು.